ಎಳೆ, ನೋಡು, ಇಳಿಸು

ಸೋಮವಾರ, ಬೆಳಗಿನ ಪಾಳಿಯ ಗಂಟೆಗೆ ಮುಂಚೆ

ಅಕ್ಕಾ,

ಕ್ಷೇಮ ಎಂದು ಶುರುಮಾಡಲು ನನಗೆ ಬಾಯಿ ಬರುತ್ತಿಲ್ಲ. ಇದು ಐದನೆಯ ಪತ್ರ. ಮೊದಲಿನ ನಾಲ್ಕಕ್ಕೆ ನೀನು ಉತ್ತರ ಬರೆಯಲಿಲ್ಲ, ಬರೆಯದೇ ಇದ್ದದ್ದು ಸರಿ. ನಾನು ತಪ್ಪು ಮಾಡಲಿಲ್ಲ ಎನ್ನುವುದಕ್ಕೆ ಒಂದೊಂದರಲ್ಲೂ ಆರಾರು ಕಾರಣ ಕೊಟ್ಟಿದ್ದೆ. ಇದರಲ್ಲಿ ನಡೆದದ್ದಷ್ಟೇ ಇದೆ. ಕೊನೆಯವರೆಗೆ ಓದು. ಒಲೆಗೆ ಹಾಕುವುದಾದರೆ ಆಮೇಲೆ ಹಾಕು.

ನನಗೂ ಅದು ಬಂತು. ಕೋಚ್ ಅದನ್ನು ಟಾರ್ಗೆಟ್ ಪ್ಯಾನಿಕ್ ಎನ್ನುತ್ತಾರೆ, ಕ್ಲಬ್ಬಿನ ಉಗ್ರಾಣದಲ್ಲಿ ಕೂತು ಬಾಣಗಳಿಗೆ ಗರಿ ಅಂಟಿಸುವ ನಮ್ಮ ಗೋಂದಜ್ಜಿ ‘ಹಳದಿ ಹಿಡಿಯೋದು’ ಎನ್ನುತ್ತಾಳೆ. ನಿನ್ನದು ಒಂದು ಬಗೆ. ಬಿಲ್ಲಿನ ಗುರಿಚುಕ್ಕೆ ಹಲಗೆಯ ಹಳದಿ ವೃತ್ತದ ಕೆಳಗೆ ಬಂದು ನಿಂತುಬಿಡುತ್ತಿತ್ತು, ಮೇಲೇರಿಸು ಎಂದರೆ ತೋಳು ಕೇಳುತ್ತಿರಲಿಲ್ಲ. ನನ್ನದು ಇನ್ನೊಂದು ಬಗೆ. ಚುಕ್ಕೆ ಹಳದಿಯ ಹತ್ತಿರ ಸುಳಿದರೆ ಸಾಕು, ಬೆರಳು ನನ್ನನ್ನು ಕೇಳದೆ ಹೆದೆ ಬಿಟ್ಟುಬಿಡುತ್ತದೆ. ಬಾಣ ಹೋದ ಮೇಲೆ ಹೋಯಿತು ಎಂದು ನನಗೆ ತಿಳಿಯುತ್ತದೆ.

ಮೊದಲ ಸಲ ಆದದ್ದು ಕಾರ್ಖಾನೆಗಳ ನಡುವಿನ ಪಂದ್ಯದಲ್ಲಿ, ನಿನ್ನ ಬಿಲ್ಲಿನಲ್ಲಿ, ಹಿಡಿಗೆ ನೀನು ಸುತ್ತಿದ ಕೆಂಪು ದಾರದ ಮೇಲೆ ನನ್ನ ಅಂಗೈ ಇದ್ದಾಗ. ಬಾಣ ಹಲಗೆಯ ಮರದ ಕಾಲಿಗೆ ಹೋಗಿ ನಾಟಿತು. ಹಿಂದೆ ಕೂತವರು ನಕ್ಕರು. ನಾನು ಗಾಳಿ ಎಂದೆ. ಮರುವಾರ ಹೆದೆ ಸಡಿಲ ಎಂದೆ, ಅದರ ಮರುವಾರ ಗರಿ ಸರಿಯಾಗಿ ಅಂಟಿಲ್ಲ ಎಂದೆ. ಕುಣಿಯಲಾರದವಳಿಗೆ ನೆಲ ಡೊಂಕು. ಐದು ತಿಂಗಳು ಯಾರಿಗೂ ಬಾಯಿ ಬಿಡಲಿಲ್ಲ ಅಕ್ಕಾ. ನಿನ್ನ ವಿಷಯದಲ್ಲಿ ಐದು ದಿನ ಬಾಯಿ ಮುಚ್ಚಿಕೊಂಡಿರಲಾರದ ನಾನು.

ಆ ಸಭೆಯನ್ನು ನಿನಗೆ ನೆನಪಿಸಬೇಕಾಗಿಲ್ಲ, ಆದರೂ ಬರೆಯುತ್ತೇನೆ, ನನ್ನ ಕೈಯಿಂದ ಒಮ್ಮೆ ಬರೆದದ್ದಾಗಲಿ. ತಂಡದಲ್ಲಿ ಹೆಂಗಸರಿಗೆ ಇದ್ದದ್ದು ಒಂದೇ ಜಾಗ. ಜಾಗದ ಜೊತೆ ಉಗ್ರಾಣದ ಹಗಲು ಕೆಲಸ, ಜಾಗ ಹೋದರೆ ಮತ್ತೆ ಸಾಣೆ ಯಂತ್ರದ ಮುಂದೆ ಪಾಳಿ. ನೀನು ನನಗೊಬ್ಬಳಿಗೇ ಹೇಳಿದ್ದೆ, ಕಿಟಕಿಯ ಸರಳಿಗೆ ದಾರ ಕಟ್ಟಿ ಎಳೆದು ಅಭ್ಯಾಸ ಮಾಡುತ್ತಾ: “ಯಾರಿಗೂ ಹೇಳ್ಬೇಡ ಕಣೇ, ಇನ್ನು ಸ್ವಲ್ಪ ದಿನ.” ಎಷ್ಟು ದಿನ, ಯಾಕೆ ಎಂದು ನಾನು ಕೇಳಲಿಲ್ಲ. ಆಯ್ಕೆಗೆ ಮೂರು ವಾರ ಇರುವಾಗ ಕ್ಲಬ್ಬಿನ ಸಭೆಯಲ್ಲಿ ಎದ್ದು ನಿಂತೆ. ಕಾರ್ಮಿಕ ಸಂಘದ ನೀಲಿ ರಟ್ಟಿನ ಕಿರುಹೊತ್ತಿಗೆಯನ್ನು ಕೈಯಲ್ಲಿ ಹಿಡಿದು, ಹನ್ನೊಂದನೆಯ ಪುಟ ಎಂದು ಹೇಳಿ ಓದಿದೆ: ಒಡನಾಡಿಯ ದೌರ್ಬಲ್ಯವನ್ನು ಮುಚ್ಚಿಡುವವರು ಇಡೀ ಸಾಲನ್ನು ಮುರಿಯುತ್ತಾರೆ. ಆಮೇಲೆ ನಿನ್ನ ತೋಳಿನ ವಿಷಯ ಹೇಳಿದೆ. ಕೋಚ್ ನಿನ್ನನ್ನು ಎಲ್ಲರ ಮುಂದೆ ಗೆರೆಗೆ ಕರೆದರು. ನೀನು ಎಳೆದೆ. ಚುಕ್ಕೆ ಏರಲಿಲ್ಲ, ಬಿಲ್ಲು ಇಳಿಸಿದೆ. ನಿನ್ನ ತೋಳು ನಡುಗುತ್ತಿದ್ದದ್ದನ್ನು ನಲವತ್ತು ಜನ ನೋಡಿದರು. ನಾನು ಕಿರುಹೊತ್ತಿಗೆಯನ್ನು ನೋಡುತ್ತಿದ್ದೆ.

ಒಬ್ಬಳಿಗೆ ಕುರ್ಚಿ ಕೊಡಲು ಇನ್ನೊಬ್ಬಳನ್ನು ಎಬ್ಬಿಸಬೇಕು ಎಂಬ ನಿಯಮ ಮಾಡಿದ ದೊಡ್ಡವರ ಮೇಲೆ ನನ್ನ ಸಿಟ್ಟು ಇಂದಿಗೂ ಆರಿಲ್ಲ. ಆರಬಾರದು ಕೂಡ. ಆದರೆ ಅವರು ನಿಯಮ ಮಾಡಿ ತಮ್ಮ ಕೋಣೆಯಲ್ಲಿ ಕೂತಿದ್ದರು. ಎದ್ದು ನಿಂತವಳು ನಾನು, ನಿನ್ನ ಜಾಗದಲ್ಲಿ ಕೂತವಳೂ ನಾನು.

ಅಮ್ಮ ಅವತ್ತು ಒಂದೇ ಮಾತು ಅಂದಳು. “ಮನೆ ಮಾತು ಮನೇಲಿ ಇಟ್ಕೊಳ್ಳೋಕೆ ನಿನ್ನ ಪುಸ್ತಕ ಹೇಳ್ಕೊಡಲಿಲ್ವಾ?” ನೀನು ಊರು ಬಿಟ್ಟ ಮೇಲೆ ನನ್ನ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟಳು. ಬಡಿಸುತ್ತಾಳೆ, ಒಳಗೆ ಹೋಗುತ್ತಾಳೆ.

ನನ್ನ ಕಳ್ಳತನ ಹಿಡಿದದ್ದು ಗೋಂದಜ್ಜಿ. ಮುರಿದ ಬಾಣಗಳೆಲ್ಲ ಅವಳ ಮೇಜಿಗೇ ಬರುತ್ತವೆ ಎನ್ನುವುದನ್ನು ನಾನು ಯೋಚಿಸಿರಲಿಲ್ಲ. ಒಂದು ದಿನ ಒಂಬತ್ತು ತುಂಡುಗಳನ್ನು ಸಾಲಾಗಿ ಜೋಡಿಸಿಟ್ಟು ನನ್ನನ್ನು ಕರೆದಳು. “ನಿನ್ನಕ್ಕ ಮೂರು ವರ್ಷಕ್ಕೆ ಎರಡು ಮುರಿದಿದ್ಲು. ನೀನು ಈ ತಿಂಗಳಲ್ಲೇ ಒಂಬತ್ತು. ಮರದ ಕಾಲಿನ ಮೇಲೆ ಅಷ್ಟೊಂದು ದ್ವೇಷ ಯಾಕಮ್ಮಾ?” ನಾನು ಗರಿಯ ಮಾತೆತ್ತಿದೆ. ಗೋಂದು ಮೆತ್ತಿದ ಬೆರಳಿನಿಂದ ನನ್ನ ತುಟಿ ಮುಚ್ಚಿದಳು. “ಕಾಮಾಲೆ ಆದೋರಿಗೆ ಕಂಡಿದ್ದೆಲ್ಲ ಹಳದಿ ಅಂತಾರೆ. ನಿಂಗೆ ಹಳದಿ ಕಂಡ್ರೇ ಕಾಮಾಲೆ. ಬಾ.”

ಕರೆದುಕೊಂಡು ಹೋದದ್ದು ಉಗ್ರಾಣದ ಹಿಂದಿನ ಓಣಿಗೆ. ಅಲ್ಲಿ ಒತ್ತಿ ಕಟ್ಟಿದ ಹುಲ್ಲಿನ ಒಂದು ಗೋಡೆ, ಅದರ ಮೇಲೆ ಕಾಗದವಿಲ್ಲ, ವೃತ್ತವಿಲ್ಲ. ನಡುವೆ ಒಂದು ಕಡೆ ಮಾತ್ರ ಹುಲ್ಲು ಸವೆದು ಅಂಗೈಯಷ್ಟು ಗುಂಡಿ ಬಿದ್ದಿತ್ತು. ಮೂರು ಹೆಜ್ಜೆ ದೂರದಿಂದ ಕಣ್ಣು ಮುಚ್ಚಿ ಬಿಡಬೇಕು ಎಂದಳು. ಈ ಗುಂಡಿ ಯಾರದು ಎಂದು ಕೇಳಿದೆ.

“ಇನ್ಯಾರದು? ದಿನಾ ಪಾಳಿಗೆ ಮುಂಚೆ ಬರ್ತಿದ್ಲು. ಆರು ವಾರ ಆಗಿತ್ತು. ತೋಳು ಏರೋಕೆ ಶುರುವಾಗಿತ್ತು. ಇನ್ನೆರಡು ವಾರ ಸಾಕಿತ್ತು ಅವಳಿಗೆ.”

ಸ್ವಲ್ಪ ದಿನ ಎಂದರೆ ಎರಡು ವಾರ. ಆ ಓಣಿಯಲ್ಲಿ ನಾನು ಅಳಲಿಲ್ಲ, ಸುಳ್ಳು ಬರೆಯುವುದಿಲ್ಲ. ನನಗೆ ಬಂದದ್ದು ಸಿಟ್ಟು, ಅದೂ ನಿನ್ನ ಮೇಲೆ. ಇಷ್ಟನ್ನು ನನಗೆ ಬಿಡಿಸಿ ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು. ಮನೆಗೆ ಬಂದು ನನ್ನ ಮಂಚದ ಮೇಲೆ ಕೂತಾಗ ಕಿಟಕಿಯ ಸರಳಿನಲ್ಲಿ ನಿನ್ನ ದಾರದ ಗಂಟು ಇನ್ನೂ ಇತ್ತು. ಹೇಳಿದ್ದರೆ ನಾನು ಅದನ್ನೂ ಸಭೆಯಲ್ಲಿ ಓದುತ್ತಿದ್ದೆ.

ಮಾರನೆಯ ದಿನದಿಂದ ಶುರುಮಾಡಿದೆ. ಮೂರು ವಾರ ಕಣ್ಣು ಮುಚ್ಚಿ, ಹುಲ್ಲಿಗೆ. ಹೊಡೆಯಬೇಕಾದದ್ದು ಏನೂ ಇಲ್ಲದಿದ್ದಾಗ ಬೆರಳಿಗೆ ಅವಸರವಿಲ್ಲ ಎಂದು ಗೊತ್ತಾಯಿತು. ಆಮೇಲೆ ಅಜ್ಜಿ ಹಳದಿ ವೃತ್ತದ ಕಾಗದ ಅಂಟಿಸಿದಳು, ಆದರೆ ಬಿಡಲು ಬಿಡಲಿಲ್ಲ. “ಎಳೆ. ನೋಡು. ಇಳಿಸು.” ಎಳೆದು, ಚುಕ್ಕೆಯನ್ನು ಹಳದಿಯ ಮೇಲಿಟ್ಟು, ಹತ್ತು ಎಣಿಸಿ, ಬಾಣ ಬಿಡದೆ ಮೆಲ್ಲಗೆ ಬಿಲ್ಲು ಇಳಿಸುವುದು. ದಿನಕ್ಕೆ ನಲವತ್ತು ಸಲ. ಮೊದಲ ದಿನ ನಲವತ್ತರಲ್ಲಿ ಮೂವತ್ತೊಂದು ಬಾಣ ತಾವಾಗಿಯೇ ಹೋದವು. ಅಜ್ಜಿ ಬೀಡಿ ಕಟ್ಟಿನ ಹಿಂಬದಿಯಲ್ಲಿ ಗೀಟು ಹಾಕುತ್ತಾ ಕೂತಿದ್ದಳು. “ಎಲ್ಲಾ ಬಾಣನೂ ಬಿಡ್ಲೇಬೇಕು ಅಂತ ಯಾರೇ ಹೇಳಿದ್ದು ನಿಂಗೆ?” ಎಂದು ಕೇಳಿದಳು. ನನ್ನ ಹತ್ತಿರ ಎರಡು ಪೆಟ್ಟಿಗೆ ಕಿರುಹೊತ್ತಿಗೆಗಳಿವೆ. ಒಂದರಲ್ಲೂ ಇದಕ್ಕೆ ಉತ್ತರವಿಲ್ಲ.

ಹನ್ನೊಂದು ವಾರ ಹಿಡಿಯಿತು. ಮೂರು ಹೆಜ್ಜೆ, ಹತ್ತು ಹೆಜ್ಜೆ, ಮೂವತ್ತು, ಕೊನೆಗೆ ಮೈದಾನದ ಪೂರ್ತಿ ದೂರ. ಕಳೆದ ಗುರುವಾರ ಎಲ್ಲರ ಮುಂದೆ ಹನ್ನೆರಡು ಬಾಣ. ಒಂಬತ್ತನೆಯದರಲ್ಲಿ ಬೆರಳು ಮಿಡುಕಿತು. ಇಳಿಸಿದೆ. ಹಿಂದೆ ಯಾರೋ ಕಿಸಕ್ಕೆಂದರು, ಕೋಚ್ “ಏನ್ ತಾಯಿ, ನಿದ್ದೆನಾ?” ಎಂದರು. ಮತ್ತೆ ಎಳೆದೆ, ಮತ್ತೆ ಇಳಿಸಿದೆ. ಮೂರನೆಯ ಸಲ ಬಿಟ್ಟೆ. ಅದು ಹಳದಿಯಲ್ಲಿತ್ತು. ಮುಗಿದ ಮೇಲೆ ಚಪ್ಪಾಳೆ ಹೊಡೆದರು, ಅದೇ ನಲವತ್ತು ಜನ. ನೀನು ಅವತ್ತು ಇಳಿಸಿದಾಗ ಅವರು ಹೊಡೆಯಲಿಲ್ಲ. ವಾಸಿಯಾದವಳಿಗೆ ಸಂತೋಷವಾಗಬೇಕಂತೆ. ನನಗೆ ಬಾಯೆಲ್ಲ ಕಹಿಯಾಗಿತ್ತು.

ಈಗ ವಿಷಯಕ್ಕೆ ಬರುತ್ತೇನೆ. ತಂಡದಲ್ಲಿ ಹೆಂಗಸರಿಗೆ ಎರಡನೆಯ ಜಾಗ ಆಗಿದೆ. ಮೂರು ಅರ್ಜಿ, ಎರಡು ಮುತ್ತಿಗೆ ಆದ ಮೇಲೆ ಕೊಟ್ಟರು. ಅದರಲ್ಲಿ ನನ್ನ ಗಂಟಲೂ ಇತ್ತು, ಈ ಸಲ ಸರಿಯಾದ ಕಡೆಗೆ. ಆಯ್ಕೆ ಬರುವ ತಿಂಗಳ ಕೊನೆಯ ಭಾನುವಾರ. ಕೋಚ್ ಹತ್ತಿರ ನಿನ್ನ ಹೆಸರೆತ್ತಿದೆ. “ಬರ್ಲಿ, ನಾನೇನು ಬೇಡ ಅಂದಿದ್ನಾ?” ಎಂದರು. ಅನ್ನಲಿಲ್ಲವಂತೆ.

ನೀನು ಅಲ್ಲಿ ಹೋಟೆಲಿನ ಬಟ್ಟೆ ತೊಳೆಯುವ ಕೋಣೆಯಲ್ಲಿ ದಿನವಿಡೀ ದುಪ್ಪಟಿಗಳಿಗೆ ಇಸ್ತ್ರಿ ಹಾಕುತ್ತೀ, ಅದೇ ಬಲಗೈಯಲ್ಲಿ, ಎಂದು ಅಮ್ಮ ಹೇಳಿದಳು. ಬಾ ಅಕ್ಕಾ. ಹುಲ್ಲಿನ ಗೋಡೆಯನ್ನು ಬದಲಾಯಿಸಲು ಗೋಂದಜ್ಜಿ ಯಾರಿಗೂ ಬಿಟ್ಟಿಲ್ಲ. ನಿನ್ನ ಗುಂಡಿಯ ಪಕ್ಕದಲ್ಲಿ ಈಗ ನನ್ನದೂ ಒಂದಿದೆ, ನಿನ್ನಷ್ಟು ಅಚ್ಚುಕಟ್ಟಾಗಿಲ್ಲ. ಅವತ್ತು ನಿನಗೆ ಬೇಕಿದ್ದದ್ದು ಎರಡು ವಾರ, ಈಗ ಐದು ವಾರ ಇದೆ. ನಿನ್ನ ಬಿಲ್ಲು ನಿನಗೆ. ನಾನು ಪಕ್ಕದಲ್ಲಿ ನಿಂತು ಇಳಿಸು ಎನ್ನುತ್ತೇನೆ, ಬೇಡವೆಂದರೆ ಓಣಿಯ ಆಚೆಗೆ ಹೋಗಿ ನಿಲ್ಲುತ್ತೇನೆ. ಕ್ಷಮೆಯ ಮಾತು ನಿನ್ನ ಇಷ್ಟ. ಆ ಜಾಗ ಮಾತ್ರ ನಿನ್ನದು.

ಗಂಟೆ ಹೊಡೆಯಿತು.

ನೀನು ಇಟ್ಟ ಹೆಸರಿನ,
ಭಾಷಣ

ಮರೆತದ್ದಲ್ಲ, ಕೊನೆಗೆ ಇಟ್ಟುಕೊಂಡದ್ದು: ಇದನ್ನು ಬರೆಯದೆ ಇಳಿಸಿಬಿಡಬಹುದಿತ್ತು, ಇಳಿಸುವುದು ಈಗ ನನಗೆ ಬರುತ್ತದೆ. ಓದಿದ ಮೇಲೆ ನೀನು ಬಾರದೆಯೂ ಇರಬಹುದು. ನೀಲಿ ರಟ್ಟಿನ ಕಿರುಹೊತ್ತಿಗೆ ನಿನ್ನ ಪೆಟ್ಟಿಗೆಯಲ್ಲಿ ಹೋಗಿದೆ ಎಂದು ಅಮ್ಮ ಮೊನ್ನೆ ಹೇಳಿದಳು. ತೆರೆದು ನೋಡಿದ್ದರೆ ನಿನಗೆ ಎರಡು ವರ್ಷದಿಂದ ಗೊತ್ತಿರುತ್ತದೆ. ಅದರಲ್ಲಿ ಇರುವುದು ಎಂಟೇ ಪುಟ. ಹನ್ನೊಂದನೆಯ ಪುಟದ ಆ ಸಾಲನ್ನು ಬರೆದವಳು ನಾನು, ಸಭೆಯ ಹಿಂದಿನ ಸಂಜೆ. ನೀನು ಎದುರಿನ ಮಂಚದಲ್ಲಿ ಕೂತು ತೋಳಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದೆ. ಏನು ಬರೀತಿದೀಯೇ, ಭಾಷಣ, ಎಂದು ನೀನು ಕೇಳಿದೆ. ಏನಿಲ್ಲಕ್ಕಾ ಎಂದೆ ನಾನು.