ಪಾಪು ಹುಬ್ಬು ಗಂಟಿಕ್ಕಿದ ದಿನ

ಫೆಬ್ರವರಿ 4, ಬೆಳಿಗ್ಗೆ 7:20

ಎಣ್ಣೆ-ನೀರು ಆಯಿತು. ಅತ್ತೆಯದೇ ಕೈ, ಅತ್ತೆಯದೇ ಮಡಿಲು. ಪಾಪುಗೆ ಎರಡೂವರೆ ತಿಂಗಳು. ಅತ್ತೆ ನಾಲಿಗೆ ಲೊಚಗುಟ್ಟಿದರೆ ಸಾಕು, ಬೊಚ್ಚುಬಾಯಿ ಅಗಲಿಸಿ ನಗುತ್ತಾಳೆ. ನನ್ನ ಕೈಗೆ ಬಂದರೆ ಫ್ಯಾನ್ ನೋಡುತ್ತಾಳೆ. ಹಾಲಿಗೆ ಮಾತ್ರ ನಾನು.

"ಮೊಕ ಅಂಗ್ ಗಂಟಾಕ್ಕಂಡಿದ್ರೆ ಯಾವ್ ಮಗ ನಗ್ತದೆ?" ಅಂದರು ಅತ್ತೆ.

ಅತ್ತೆ ಮೇಲೆ ಸಿಟ್ಟು ಬಂತು. ಪಾಪು ಮೇಲೂ ಸಿಟ್ಟು. ಬರೆದೇಬಿಡುತ್ತೇನೆ — ಅವಳ ಮೇಲೂ.

ಫೆಬ್ರವರಿ 7

ಆಶಾ ಕಾರ್ಯಕರ್ತೆ ಪವಿತ್ರ ಬಂದಿದ್ದರು. ಪಾಪು ತೂಕ ನೋಡಿದರು. ಆಮೇಲೆ ನನ್ನನ್ನು. ನಿದ್ದೆ ಬರುತ್ತಾ, ಸುಮ್ಮಸುಮ್ಮನೆ ಅಳು ಬರುತ್ತಾ... ಕೇಳಿದರು. ಇಷ್ಟು ದಿನ ಯಾರೂ ಕೇಳಿರಲಿಲ್ಲ.

"ಮುಖ ಹತ್ರ ಇಟ್ಕೊಳ್ಳಿ ಅಕ್ಕ. ನಗಿಸಕ್ ಓಗ್ಬೇಡಿ. ಅವಳೇನ್ ಮಾಡ್ತಾಳೋ ಅದ್ನೇ ಮಾಡಿ, ಕಾಯಿರಿ. ಮಂಗಳವಾರ ಡಾಕ್ಟ್ರತ್ರ ನಾನೇ ಕರ್ಕೊಂಡೋಗ್ತೀನಿ."

ಅಡುಗೆಮನೆಯಿಂದ ಅತ್ತೆ: "ಮಗಿನ್ ಮೊಕ ನೋಡಾಕೂ ಟ್ರೈನಿಂಗಾ?"

ಸಂಜೆ ಐದು ನಿಮಿಷ ಕೂತೆ. ಪಾಪು ಆಕಳಿಸಿದಳು. ನಾನೂ ಆಕಳಿಸಿದೆ. ಅಷ್ಟೇ.

ಫೆಬ್ರವರಿ 11

ಬಾಣಂತಿಯರ ಖಿನ್ನತೆ ಅಂದ ಡಾಕ್ಟರ್ ಮಾತ್ರೆ ಬರೆದರು. ಹಾಲು ಕುಡಿಸಬಹುದಂತೆ. ರಾಹುಲ್ ಚೀಟಿ ಓದಿ ಅವನ ಅವ್ವನಿಗೆ ಹೇಳಿದ — "ತಲೆ ಮಾತ್ರೆ." ನನ್ನ ಗಂಡ. ನನ್ನೆದುರಿಗೇ.

ಫೆಬ್ರವರಿ 20, ಬೆಳಿಗ್ಗೆ 11

ಎದ್ದಾಗ ತೊಟ್ಟಿಲು ಖಾಲಿ. ಅತ್ತೆ ಪಾಪುನ ಎತ್ತಿಕೊಂಡು ತಗಡೂರಿಗೆ, ಅವರ ತವರಿಗೆ ಹೋಗಿದ್ದಾರೆ. ರಾಹುಲ್‌ಗೆ ಗೊತ್ತಿತ್ತು. "ನೀನು ರೆಸ್ಟ್ ತಗೊ ಅಂತ..." ಫೋನ್ ಕಟ್ ಮಾಡಿದೆ. ಹಾಲು ಕಟ್ಟಿ ಎದೆ ಕಲ್ಲಾಗಿದೆ, ರವಿಕೆ ಒದ್ದೆ. ಹೊರಟೆ.

ಅದೇ ದಿನ, ಸಂಜೆ 5:40, ತಗಡೂರಿನಿಂದ ಹೊರಟ ನರಸೀಪುರದ ಬಸ್ಸಿನಲ್ಲಿ

ನಾನು ಹೋದಾಗ ಅತ್ತೆ ತವರಿನ ಹೊಸಿಲಿಗೆ ಅಡ್ಡ ನಿಂತಿದ್ದರು. ಪಾಪು ಬಾಟಲಿ ಉಗಿದು ಕಿರುಚುತ್ತಿದ್ದಳು.

"ಕೊಡಿ," ಅಂದೆ.

"ಕೊಡಾಕಿಲ್ಲ. ಮಾತ್ರೆ ನುಂಗೋಳ್ ಕೈಗೆ ಮಗ ಕೊಡಾರಾ?"

ಕಿತ್ತುಕೊಂಡೆ. ಜಗುಲಿಯಲ್ಲೇ ಕೂತು ಕುಡಿಸಿದೆ. ಕುಡಿದು ಎದೆ ಬಿಟ್ಟಳು. ಫ್ಯಾನ್ ಇರಲಿಲ್ಲ, ನನ್ನನ್ನೇ ನೋಡಿದಳು. ಕೋಪದಲ್ಲಿ ನನ್ನ ಹುಬ್ಬು ಗಂಟಾಗಿತ್ತು. ಅವಳೂ ಗಂಟಿಕ್ಕಿದಳು. ಅದೇ ಹುಬ್ಬು! ಹೆದರಿಕೆಯಾಯಿತು. ಸಡಿಲಿಸಿದೆ. ಕಾದೆ. ನಿಧಾನಕ್ಕೆ... ಅವಳದೂ ಸಡಿಲವಾಯಿತು.

"ನಾಟ್ಕ," ಅಂದರು ಅತ್ತೆ. ಆದರೆ ಬಾಗಿಲು ಬಿಟ್ಟು ಸರಿದರು.

ರಾಹುಲ್ ನಾಲ್ಕು ಸಲ ಫೋನ್ ಮಾಡಿದ. ಎತ್ತಲಿಲ್ಲ. ಪಾಪು ತೊಡೆ ಮೇಲೆ. ನಗುತ್ತಿಲ್ಲ. ನಾನೂ ನಗುತ್ತಿಲ್ಲ. ಬರೆಯುತ್ತಾ ತಲೆ ಎತ್ತಿದಾಗೆಲ್ಲ ಅವಳ ಕಣ್ಣು ನನ್ನ ಮೇಲೇ. ಈಗ ತುಟಿ ಗುಂಡಗೆ ಮಾಡಿದಳು, ಏನೋ ಹೇಳುವವಳ ಹಾಗೆ. ನಾನು ಈ ಡೈರಿ ನೋಡುತ್ತಿದ್ದರೆ ರೇಗುತ್ತಾಳೆ. ಪೆನ್ನು ಮುಚ್ಚಿ ನಾನೂ ತುಟಿ ಗುಂಡಗೆ ಮಾಡುತ್ತೇನೆ.