ನಾಲ್ಕನೆಯ ಅಂಕದ ಎರಡು ಸಾಲು

ಭಾನುವಾರ, ಬೆಳಗ್ಗೆ

ನನ್ನ ಮುದ್ದು ಪುಟ್ಟಿ,

ಅಕ್ಷರ ಸೊಟ್ಟಗಿದೆ ಎಂದು ಮೂಗು ಮುರಿಯಬೇಡ, ಕಾಗದವನ್ನು ಮಂಡಿಯ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ. ನನಗೆ ಕೆಟ್ಟ ಶೀತ. ನಿನ್ನ ವಾರ್ಡಿಗೆಲ್ಲ ಸೀನು ಹಂಚುವುದು ಬೇಡವೆಂದು ಇವತ್ತು ಬರುತ್ತಿಲ್ಲ. ಕಾಗದವನ್ನು ನರ್ಸಮ್ಮ ತಂದುಕೊಡುತ್ತಾರೆ.

ಮಧ್ಯಾಹ್ನ ಪೊಲೀಸರು ನಿನ್ನ ಹೇಳಿಕೆ ಪಡೆಯಲು ಬರುತ್ತಾರಂತೆ. ನಿನ್ನ ಗಂಡ ಹೂಗುಚ್ಛದ ಜೊತೆ ಹೇಳಿಕೆಯನ್ನೂ ತಾನೇ ಬರೆಸಿ ಕಳಿಸಿದ್ದಾನಂತೆ, ‘ಮೆಟ್ಟಿಲಿಂದ ನಾನಾಗಿಯೇ ಬಿದ್ದೆ’ ಎಂದು. ದವಡೆಗೆ ತಂತಿ ಕಟ್ಟಿಸಿಕೊಂಡ ನೀನು ಬಾಯಿ ಬಿಡುವ ಹಾಗಿಲ್ಲ, ಸಹಿ ಮಾಡಿದರೆ ಸಾಕು. ಪುಟ್ಟಿ, ಸಹಿ ಮಾಡುವ ಮುಂಚೆ ಇದನ್ನು ಪೂರ್ತಿ ಓದು.

ಆ ದಿನ ನಿನ್ನ ಮನೆ ಬಾಗಿಲು ತೆಗೆದವಳು ನಾನು. ಪಿಯಾನೋದ ಅಂಚಿಗೆ ರಕ್ತ ಮೆತ್ತಿತ್ತು, ಕೆಳಗೆ ನಿನ್ನ ಹಲ್ಲು ಬಿದ್ದಿತ್ತು, ಒಪೆರಾದ ಹಾಡುಗಳ ಹಾಳೆಗಳು ನಿನ್ನ ಕೆನ್ನೆಗೆ ಅಂಟಿಕೊಂಡಿದ್ದವು. ಹಾಗೆ ಪಿಯಾನೋದವರೆಗೆ ನಡೆದು ಬಂದು ಮುಖ ಒಡೆಯುವ ಮೆಟ್ಟಿಲನ್ನು ನಾನೆಲ್ಲೂ ಕಂಡಿಲ್ಲ.

ಜಗಳ ಹುಟ್ಟಿದ್ದೇ ಆ ಒಪೆರಾಕ್ಕೆ ನೀನು ಬರೆದ ಸಾಹಿತ್ಯದಿಂದ. ಹೆಂಡತಿಯನ್ನು ಕೊಂದ ದಳಪತಿ ನಾಲ್ಕನೆಯ ಅಂಕದಲ್ಲಿ ಹೆಣದ ಪಕ್ಕ ನಿಂತು ಹೀಗೆ ಹಾಡಬೇಕೆಂದು ನೀನು ಬರೆದಿದ್ದೆ:

ಅವಳು ಬೀಳಲಿಲ್ಲ, ಈ ಕೈ ಬೀಳಿಸಿತು,
ಅತ್ತವನೂ ನಾನೇ, ಕೊಂದವನೂ ನಾನೇ.

ದಳಪತಿಯ ವೇಷ ನಿನ್ನ ಗಂಡನದು. ಜನ ಕೊನೆಯವರೆಗೂ ತನ್ನ ಮೇಲೆ ಮರುಕಪಡಬೇಕೆಂದು ಅವನ ಹಟ. ಕೆಂಪು ಪೆನ್ಸಿಲಿನಲ್ಲಿ ಗೀಟೆಳೆದು, ‘ಅವಳು ತಾನೇ ಬಿದ್ದಳು, ಈ ಕೈ ಹಿಡಿಯಿತು’ ಎಂದು ತಿದ್ದಿದ. ನೀನು ಮತ್ತೆ ಮೊದಲಿನಂತೆ ಬರೆದೆ. ‘ಮಾತು ಯಾರಿಗೆ ಬೇಕು ಕಣೇ, ಜನ ಬರೋದು ನನ್ನ ಗಂಟಲಿಗೆ’ ಅಂತ ಅವನು ಕೂಗಾಡಿ, ನಿನ್ನ ಜುಟ್ಟು ಹಿಡಿದು ಮುಖವನ್ನು ಪಿಯಾನೋಗೆ ಅಪ್ಪಳಿಸಿದ. ಮಾತು ಬೇಡದವನಿಗೆ ಎರಡು ಸಾಲಿನ ಮೇಲೆ ಅಷ್ಟೊಂದು ಸಿಟ್ಟು ಯಾಕೆ ಬಂತು ಹೇಳು?

ನಿನ್ನೆ ಮೊದಲ ಪ್ರದರ್ಶನ. ಎಂದಿನಂತೆ ನಾನು ರಂಗದ ಅಂಚಿನಲ್ಲಿ ನೆಲಕ್ಕೆ ಹುದುಗಿಸಿದ ಪೆಟ್ಟಿಗೆಯಲ್ಲಿ ತಲೆಯಷ್ಟೇ ಮೇಲೆ ಕಾಣುವಂತೆ ಕೂತು, ಹಾಡುವವರಿಗೆ ಒಂದೊಂದೇ ಸಾಲನ್ನು ಮುಂಚಿತವಾಗಿ ಎತ್ತಿಕೊಡುತ್ತಿದ್ದೆ. ನಮ್ಮ ಗಂಟಲು ಮಹಾಶಯ ಒಂದು ಸಾಲನ್ನೂ ಬಾಯಿಪಾಠ ಮಾಡಿದವನಲ್ಲ ಎಂದು ನಿನಗೆ ಗೊತ್ತೇ ಇದೆ. ನನ್ನ ತುಟಿ ನೋಡುತ್ತಾನೆ, ಬಂದದ್ದನ್ನು ಹಾಡುತ್ತಾನೆ, ಅರ್ಥ ಆಮೇಲೆ. ಮೂರನೆಯ ಅಂಕದಲ್ಲಿ ಹೆಂಡತಿಯ ಪಾತ್ರದ ಹೊಸ ಹುಡುಗಿಯ ಕತ್ತನ್ನು ಎಷ್ಟು ಹಿಸುಕಿದನೆಂದರೆ, ಪರದೆ ಬಿದ್ದ ಮೇಲೆ ಅವಳು ಮೂಲೆಯಲ್ಲಿ ಕೂತು ವಾಂತಿ ಮಾಡಿಕೊಂಡಳು. ಪಾತ್ರದಲ್ಲಿ ಮುಳುಗಿಬಿಟ್ಟೆ ಅಂತ ಅವನು ನಕ್ಕ.

ನಾಲ್ಕನೆಯ ಅಂಕ ಬಂತು. ನನ್ನ ಮುಂದಿದ್ದ ಹಾಳೆಯಲ್ಲಿ ಅವನು ತಿದ್ದಿದ ಸಾಲಿತ್ತು. ನಾನು ನಿನ್ನದನ್ನು ಕೊಟ್ಟೆ.

ಅವನು ಅದನ್ನೇ ಹಾಡಿದ, ಪುಟ್ಟಿ! ರಾಗ ಅದೇ, ತಾಳ ಅದೇ, ನಡುವೆ ನಿಲ್ಲಿಸಲು ಅವನಿಗೆ ಎಡೆಯೇ ಇರಲಿಲ್ಲ. ತುಂಬಿದ ಸಭೆಯ ಮುಂದೆ ಕೈ ಮೇಲೆತ್ತಿ, ಕೊಂದವನೂ ನಾನೇ ಎಂದು ಎಳೆದು ಎಳೆದು ಹಾಡಿದ. ಏನು ಹಾಡಿದೆನೆಂದು ತಿಳಿದಾಗ ಬಣ್ಣ ಬಳಿದ ಮುಖವೂ ಬಿಳಿಚಿದ್ದು ನನಗೆ ಕಂಡಿತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ನಿಜವಾದ ತಪ್ಪೊಪ್ಪಿಗೆ ಎಂದು ಒಬ್ಬರಿಗೂ ಹೊಳೆಯಲಿಲ್ಲ, ಅಷ್ಟು ಚೆನ್ನಾಗಿ ಹಾಡುತ್ತಾನೆ ಹಾಳಾದವನು.

ಕೊನೆಯಲ್ಲಿ ಎಲ್ಲರಿಗೂ ನಮಸ್ಕರಿಸಲು ಬಂದವನು ಸೀದಾ ನನ್ನ ಪೆಟ್ಟಿಗೆಯ ಮುಂದೆಯೇ ನಿಂತ. ಆಮೇಲೆ ಹೇಳುವಂಥದ್ದೇನೂ ನಡೆಯಲಿಲ್ಲ.

ನೀನು ಬರೆದದ್ದಕ್ಕೆ ಗೀಟೆಳೆದ ಅದೇ ಕೈ ಈಗ ನಿನ್ನ ಹೇಳಿಕೆಯನ್ನೂ ಬರೆಸಿದೆ. ಅವನಿಗೆ ಬರೆಯಲು ಬರುವುದು ಅದೊಂದೇ ಸಾಲು. ನೀನು ಸಹಿ ಮಾಡಿದರೆ ಅವನ ಮನೆಗೇ ಹೋಗುತ್ತೀಯ, ಆಮೇಲೆ ನಾನು ಬಾಗಿಲು ತೆಗೆದಾಗ ಏನು ಸಿಗುತ್ತದೋ ಎಂದು ಯೋಚಿಸಲೂ ಭಯವಾಗುತ್ತದೆ. ನಿನ್ನ ಕೈಯಿಂದ, ನಿನ್ನದೇ ಮಾತಿನಲ್ಲಿ ಬರೆದುಕೊಡು.

ನಿನ್ನ ದಾರಿ ಕಾಯುವ,
ಅಕ್ಕ

ಮರೆತಿದ್ದೆ: ನನಗೆ ಶೀತವಿಲ್ಲ. ನಿನ್ನ ಕೆಳಗಿನ ಮಹಡಿಯಲ್ಲೇ ಮಲಗಿದ್ದೇನೆ, ಇದು ಎಡಗೈ ಬರಹ. ನಿನ್ನೆ ಅವನು ಜನರಿಗೆ ನಗುತ್ತಾ ಬಾಗಿ, ಹೂವು ಹಿಡಿದುಕೊಳ್ಳುತ್ತಲೇ, ಪೆಟ್ಟಿಗೆಯ ಅಂಚಿನಲ್ಲಿದ್ದ ನನ್ನ ಬಲಗೈ ಮೇಲೆ ಬೂಟಿನ ಹಿಮ್ಮಡಿ ಊರಿ ತಿರುಚಿದ. ಬೆರಳುಗಳು ಲಟಲಟನೆ ಮುರಿದದ್ದು ಚಪ್ಪಾಳೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಡಾಕ್ಟರು ಹೇಗಾಯಿತೆಂದು ಕೇಳಿದಾಗ ಅವನು ಬಾಗಿಲಲ್ಲೇ ನಿಂತಿದ್ದ. ಪೆಟ್ಟಿಗೆಯ ಮುಚ್ಚಳ ತಾನಾಗಿಯೇ ಕೈ ಮೇಲೆ ಬಿತ್ತು ಎಂದುಬಿಟ್ಟೆ, ಪುಟ್ಟಿ. ನಿನ್ನದು ಮುಗಿದ ಮೇಲೆ ಪೊಲೀಸರು ನನ್ನ ಹತ್ತಿರವೂ ಬರುತ್ತಾರೆ. ಊರಿಗೆಲ್ಲ ಸಾಲು ಎತ್ತಿಕೊಡುವವಳಿಗೆ ತನ್ನದೇ ಸಾಲು ಗಂಟಲಿಂದ ಹೊರಡುತ್ತಿಲ್ಲ. ಇದೊಂದು ಸಲ ನೀನು ಎತ್ತಿಕೊಡು.