ತುಕ್ಕಾಸುರನ ದನಿ

ಮಾರ್ಚ್ 3, ಸೋಮವಾರ

ಇವತ್ತೂ ಅದೇ ಗೋಳು. ಬೆಳಗಿನಿಂದ ಹನ್ನೊಂದು ಜನರ ಗಂಟಲು ಕೇಳಿದೆ. ಎಲ್ಲ ದಂಡ. ತುಕ್ಕಾಸುರನಿಗೆ ಒಂದೂ ಹೊಂದಲಿಲ್ಲ.

ನಮ್ಮ ಕಂಪನಿಯ ರೋಬೋ ಗೊಂಬೆಗಳ ಸರಣಿಯಲ್ಲಿ ಇವನೊಬ್ಬ ಚಿಲ್ಲರೆ ವಿಲನ್. ದೊಡ್ಡ ವಿಲನ್ ರಾಕೆಟ್ ಆಗುತ್ತಾನೆ, ಅವನ ಬಲಗೈ ಬಂಟ ಟ್ಯಾಂಕ್ ಆಗುತ್ತಾನೆ. ಇವನು ರೋಡ್ ರೋಲರ್. ಅದರಿಂದ ರೋಬೋ ಆಗಲು ಹೋಗಿ ಅರ್ಧಕ್ಕೇ ಸಿಕ್ಕಿಕೊಳ್ಳುತ್ತಾನೆ, ತನ್ನ ಕಡೆಯವರಿಂದಲೇ ಒದೆ ತಿನ್ನುತ್ತಾನೆ. ಅಷ್ಟೇ ಪಾತ್ರ. ಎದೆಯ ಗುಂಡಿ ಒತ್ತಿದರೆ ಗೋಗರೆಯಬೇಕು. ಮಕ್ಕಳು ನಗಬೇಕು.

ಗಡಿಯಾರ ಮೂರು ಸಲ ರೆಕಾರ್ಡಿಂಗ್ ರೂಮಿಗೆ ಬಂದರು. (ನಮ್ಮ ಹೆಡ್. ಬಾಯಿ ಬಿಟ್ಟರೆ ಟೈಮ್ ಕೇಳುವುದು, ಅದಕ್ಕೇ ಆ ಹೆಸರು.)

"ಏನ್ರೀ ಇವರೆಲ್ಲ ನಾಟಕದವರ ತರ ಅಳ್ತಾರೆ! ನಿಜವಾಗ್ಲೂ ಸಿಕ್ಕಾಕ್ಕೊಂಡವನ ತರ ಕೇಳಿಸ್ಬೇಕು. ಶುಕ್ರವಾರ ಫೈಲ್ ಹೋಗ್ಬೇಕು, ಗೊತ್ತಲ್ಲ?"

ಗೊತ್ತು ಸ್ವಾಮಿ. ಗೊತ್ತು.

ಮಾರ್ಚ್ 4

ಮನೆಗೆ ಬಂದಾಗ ಅಪ್ಪನ ಪಾಠ ನಡೆದಿತ್ತು. ಸ್ಟ್ರೋಕ್ ಆಗಿ ಐದು ತಿಂಗಳು. ಬಲಗೈ ಬಿದ್ದಿದೆ, ಮಾತು ಮುರಿದಿದೆ. ಥೆರಪಿಸ್ಟ್ ಚಿತ್ರ ತೋರಿಸುತ್ತಾಳೆ, ಇವರು ಹೆಸರು ಹೇಳಬೇಕು. "ಕು… ಕುರ್… ಕುರ್ರ್…" ಕುರ್ಚಿ ಬರುವಷ್ಟರಲ್ಲಿ ಹಣೆಯೆಲ್ಲ ಬೆವರು. ಪಕ್ಕದಲ್ಲಿ ಕೂತ ನನ್ನ ಮಗಳ ಚಪ್ಪಾಳೆ ಬೇರೆ.

ಥೆರಪಿಸ್ಟ್ ಹೊರಡುವಾಗ ನನ್ನನ್ನು ಕರೆದಳು. "ಚೆನ್ನಾಗಿ ಸುಧಾರಿಸ್ತಿದಾರೆ ಸರ್. ಒಂದೇ ಮಾತು, ಯಾರೂ ನಗಬಾರ್ದು. ನಾಚ್ಕೊಂಡು ಬಾಯಿ ಮುಚ್ಚಿಬಿಟ್ರೆ ಮತ್ತೆ ತೆಗೆಸೋದು ಕಷ್ಟ."

ತಲೆಯಾಡಿಸಿದೆ. ಒಳಗೊಳಗೇ ನಗು. ನಾನು ಉಗ್ಗಿದರೆ ಇಡೀ ಮನೆಯನ್ನು ನಗಿಸುತ್ತಿದ್ದವರು ಯಾರು? ನೆಂಟರು ಬಂದರೆ ಸಾಕು, ನನ್ನನ್ನು ನಡುಮನೆಯಲ್ಲಿ ನಿಲ್ಲಿಸಿ ಪೇಪರ್ ಓದಿಸುವುದು. "ಕೇಳಿ, ಕೇಳಿ, ನಮ್ಮನೆ ಕೆಟ್ಟೋದ ರೇಡಿಯೋ!" ಈಗ ನನಗೆ ನಲವತ್ತೊಂದು. ಉಗ್ಗು ಹೋಗಿದೆ. ರೆಕಾರ್ಡಿಂಗ್‌ಗಳಲ್ಲಿ ಬೇರೆಯವರ ತಡವರಿಕೆ ಕತ್ತರಿಸುವುದೇ ಕೆಲಸ.

ಮಾಡಿದ್ದುಣ್ಣೋ ಮಹಾರಾಯ.

ಮಾರ್ಚ್ 6, ಸಂಜೆ

ಮಾಡಿಯೇಬಿಟ್ಟೆ.

ಹೆಂಡತಿ ಡ್ಯೂಟಿಗೆ, ಮಗಳು ಸ್ಕೂಲಿಗೆ ಹೋಗಿದ್ದರು. ಅಪ್ಪನ ವೀಲ್‌ಚೇರ್ ರೂಮಿನ ಹೊಸ್ತಿಲಿಗೆ ಸಿಕ್ಕಿಕೊಂಡಿತು. ಹಿಂದೆಯೇ ನಿಂತಿದ್ದೆ. ರೆಕಾರ್ಡರ್ ಆನ್ ಮಾಡಿದೆ. ತಳ್ಳಲಿಲ್ಲ.

"ತ… ತಳ್… ತಳ್ಳೋ… ಸಿಕ್… ಸಿಕ್ಕ…"

ಆರು ನಿಮಿಷ. ಕೊನೆಕೊನೆಗೆ ಅಳುವೇ ಬಂದಿತ್ತು ಅವರಿಗೆ. ಆಮೇಲೆ ತಳ್ಳಿದೆ. ಎಡಗೈಯಿಂದ ನನ್ನ ಕೈ ತಟ್ಟಿದರು. ಥ್ಯಾಂಕ್ಸ್ ಅಂತೆ!

ಆಫೀಸಿನಲ್ಲಿ ಪಿಚ್ ಏರಿಸಿ, ತಗಡಿನ ಸದ್ದು ಬೆರೆಸಿ ಕೇಳಿಸಿದೆ. ಗಡಿಯಾರ ಹೊಟ್ಟೆ ಹಿಡಿದುಕೊಂಡು ನಕ್ಕರು. "ಎಲ್ಲಿ ಹಿಡಿದ್ರಿ ಈ ನಟನ್ನ?"

"ಪರಿಚಯದವ್ರು."

"ಬಂಗಾರ ಕಣ್ರೀ!"

ಹೊಟ್ಟೆ ತಣ್ಣಗಾಯಿತು. ಇಲ್ಲಿ ಯಾರು ಓದುತ್ತಾರೆ, ಸುಳ್ಳು ಯಾಕೆ ಬರೆಯಲಿ.

ಮಾರ್ಚ್ 14

ಅಪ್ಪ ಇವತ್ತು "ಕಿಟಕಿ" ಅಂದರು. ಒಂದೇ ಏಟಿಗೆ. ಮನೆಯಲ್ಲಿ ಸಂಭ್ರಮವೋ ಸಂಭ್ರಮ. ನನಗೆ ಯಾಕೋ ಮೈ ಉರಿಯಿತು.

ಜೂನ್ 9

ತುಕ್ಕಾಸುರ ಅಂಗಡಿಗೆ ಬಂದು ಹತ್ತು ದಿನ. ಹೀರೋ ರೋಬೋ ಧೂಳು ಹಿಡಿದು ಕೂತಿದ್ದಾನೆ, ಇವನ ರ‍್ಯಾಕ್ ಖಾಲಿ. ಬಸ್ಸಿನಲ್ಲಿ ಮುಂದಿನ ಸೀಟಿನ ಅಕ್ಕ ತಮ್ಮ ಗುಂಡಿ ಒತ್ತುವುದು, ಬಿದ್ದು ಬಿದ್ದು ನಗುವುದು. ಅಕ್ಕ ಬಾಯಿ ಸೊಟ್ಟ ಮಾಡಿ "ತ… ತಳ್ಳೋ…" ಅಂದಳು. ಪಾಪ ಅನ್ನುತ್ತಲೇ ಅವರಮ್ಮನೂ ನಕ್ಕಳು. ಕೇಳುತ್ತಾ ಕೂತು ಎರಡು ಸ್ಟಾಪ್ ಮುಂದೆ ಹೋಗಿ ಇಳಿದೆ.

ಜೂನ್ 22, ಭಾನುವಾರ

ಆ ಗೊಂಬೆ ಮನೆಗೆ ಬೇಡ ಅಂತ ಹೇಳಿದ್ದೆ. ಮಗಳು ಗೆಳತಿಯ ಹತ್ತಿರ ಒಂದು ದಿನಕ್ಕೆ ಕೇಳಿ ತಂದಿದ್ದಾಳೆ. ನನ್ನೆದುರೇ ಗುಂಡಿ ಒತ್ತಿದಳು. ಗೊಂಬೆಯನ್ನು ಕಿವಿಗೆ ಹಿಡಿದಳು. ಮತ್ತೆ ಒತ್ತಿದಳು.

"ಅಪ್ಪಾ… ಇದು ತಾತ!"

ಎಂಟು ವರ್ಷದ ಕಿವಿ. ಪಿಚ್ಚೂ ತಗಡೂ ಅದನ್ನು ಮೋಸ ಮಾಡಲಿಲ್ಲ. ಹಿಡಿಯುವಷ್ಟರಲ್ಲಿ ಓಡಿಬಿಟ್ಟಳು. "ತಾತಾ ತಾತಾ, ನೀನು ಫೇಮಸ್ ಆಗ್ಬಿಟ್ಟೆ ಕಣೋ!"

ತ… ತಳ್… ತಳ್ಳೋ…

ಅಪ್ಪ ಗೊಂಬೆ ನೋಡಿದರು. ಹೊಸ್ತಿಲು ನೋಡಿದರು. ಆಮೇಲೆ ನನ್ನನ್ನು ನೋಡಿದರು.

ಹೆಂಡತಿ ಅಡುಗೆಮನೆಯಿಂದ ಬಂದಳು. "ಏನ್ರೀ ಇದು? ನೀವು ಮಾಡಿದ್ದಾ?"

"ಯಾರೋ ನಟ. ಇವಳಿಗೆ ತಲೆ ಕೆಟ್ಟಿದೆ." ಮಗಳ ಕಡೆ ತಿರುಗಿ ಗದರಿದೆ. "ತಾತನ್ನ ಅಣಕಿಸ್ತೀಯಾ? ನಾಚಿಕೆ ಆಗಲ್ವಾ?"

ಅವಳು ಗೊಂಬೆಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು.

ಜುಲೈ 1

ಒಂಬತ್ತು ದಿನ. ಅಪ್ಪ ಒಂದಕ್ಷರ ಆಡಿಲ್ಲ. ಥೆರಪಿಸ್ಟ್ ಚಿತ್ರ ಹಿಡಿದರೆ ಗೋಡೆಯ ಕಡೆ ಮುಖ ಮಾಡುತ್ತಾರೆ.

"ಮನೇಲಿ ಏನಾದ್ರೂ ಆಯ್ತಾ ಸರ್?"

ಮಗಳೇ ಮುಂದೆ ಬಂದಳು. "ನಾನು ನಕ್ಕೆ ಮಿಸ್. ಅದಕ್ಕೇ."

ಅವಳು ನಕ್ಕಿರಲೇ ಇಲ್ಲ. ಹೇಳಬಹುದಿತ್ತು. ಥೆರಪಿಸ್ಟ್‌ಗೆ ಬಾಗಿಲು ತೆಗೆದುಕೊಟ್ಟೆ. ಭಯ ಆಗುತ್ತಿದೆ. ಅಪ್ಪನ ಬಗ್ಗೆ ಅಲ್ಲ, ಸಿಕ್ಕಿಬೀಳುವ ಬಗ್ಗೆ.

ಜುಲೈ 8

ಗಡಿಯಾರ ಕರೆಸಿದರು. "ಎರಡನೇ ಬ್ಯಾಚಿಗೆ ಹೊಸ ಡೈಲಾಗ್ ಬೇಕು. ಅದೇ ನಟ. ಶನಿವಾರದೊಳಗೆ."

"ಅವ್ರಿಗೆ ಹುಷಾರಿಲ್ಲ ಸರ್."

"ಅಯ್ಯೋ, ಹುಷಾರಿಲ್ದೇ ಇದ್ರೆ ಇನ್ನೂ ಚೆನ್ನಾಗಿ ಬರತ್ತೆ ಬಿಡಿ!"

ಇದಾದರೆ ಸೌಂಡ್ ವಿಭಾಗವೇ ನನ್ನದಂತೆ. ರೂಮಿನ ಬಾಗಿಲಿಗೆ ಹೆಸರು ಹಾಕಿಸುತ್ತಾರಂತೆ.

ಜುಲೈ 12, ಶನಿವಾರ, ಮಧ್ಯಾಹ್ನ 12.40

ಹೆಂಡತಿ ಡ್ಯೂಟಿಗೆ. ಮಗಳು ಡ್ರಾಯಿಂಗ್ ಕ್ಲಾಸಿಗೆ. ಅಪ್ಪನ ನೀರಿನ ಲೋಟ ಕಿಟಕಿಯ ಮೇಲಿಟ್ಟಿದ್ದೇನೆ. ಕಾಣುತ್ತದೆ, ಕೈಗೆ ಎಟಕುವುದಿಲ್ಲ. ಬಾಯಿ ಬಿಟ್ಟು ಕೇಳಲಿ, ಕೊಡುತ್ತೇನೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಮಂಚದ ಕೆಳಗೆ ರೆಕಾರ್ಡರ್ ಓಡುತ್ತಿದೆ.

ಅವರ ಒಳ್ಳೆಯದಕ್ಕೇ ಅಂತಲೂ ಅಂದುಕೊಳ್ಳಬಹುದು. ಮಾತು ಮತ್ತೆ ಶುರುವಾಗುತ್ತದಲ್ಲ.

2.15

ಕೇಳಲಿಲ್ಲ. ತುಟಿ ಒಣಗಿ ಬಿಳಿಚಿಕೊಂಡಿದೆ. "ಏನಾದ್ರೂ ಬೇಕಾ ಅಪ್ಪಾ?" ಅಂದೆ. ಲೋಟ ನೋಡಿದರು. ಕಣ್ಣು ಮುಚ್ಚಿಕೊಂಡರು. ಹಠಮಾರಿ ಮುದುಕ! ನಾನು ಎದುರಿಗಿದ್ದರೆ ಆಗುವುದಿಲ್ಲ. ಹೊರಗೆ ಸುತ್ತಾಡಿ ಬರುತ್ತೇನೆ.

4.30

ಬಂದು ನೋಡಿದರೆ ಲೋಟ ಖಾಲಿ, ಅಪ್ಪನಿಗೆ ನಿದ್ದೆ. ಹೆಡ್‌ಫೋನ್ ಹಾಕಿಕೊಂಡು ಕೇಳಿದೆ.

ಕುರ್ಚಿ ಎಳೆಯುವ ಸದ್ದು. ಗುಟುಕರಿಸುವ ಸದ್ದು. ಕ್ಲಾಸು ಮುಗಿಸಿ ಬಂದ ಮಗಳು: "ನಿಧಾನ ತಾತಾ, ನಿಧಾನ. ಅಪ್ಪ ಯಾಕೆ ಅಷ್ಟು ದೂರ ಇಟ್ಟಿದ್ದು?"

ಫ್ಯಾನಿನ ಸದ್ದು. ಆಮೇಲೆ ಅಪ್ಪ. ಇಪ್ಪತ್ತು ದಿನದ ಮೇಲೆ.

"ನಾ… ನಾನೂ… ಇಟ್ಟಿದ್ದೆ. ಅವ್ನು… ಚಿ… ಚಿಕ್ಕೋನು. ಉಗ್… ಉಗ್ಗದೇ ಕೇಳು… ಅಂದೆ. ಕೇ… ಕೇಳ್ಲೇ ಇಲ್ಲ."

"ಆಮೇಲೆ ಕೊಟ್ಯಾ?"

"ಇಲ್ಲ."

ಅದೊಂದು ಮಾತು ಮಾತ್ರ ತಡವರಿಸದೆ ಬಂದಿದೆ.

ನನಗೆ ಇದು ನೆನಪೇ ಇರಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ಇರಲಿಲ್ಲ. ಈಗ ಬರುತ್ತಿದೆ. ನಾಲಿಗೆ ಅಂಗುಳಕ್ಕೆ ಅಂಟಿದ್ದು, ಗೋಡೆಯ ಮೇಲಿನ ಬಿಸಿಲು. ಆಗ ನನಗೂ ಎಂಟೇ ಇರಬೇಕು. ಮೂವತ್ತಮೂರು ವರ್ಷದ ಮೇಲೆ ಮೊದಲ ಸಲ ಒಪ್ಪಿಕೊಂಡರು. ನನ್ನೆದುರಲ್ಲ, ಅವಳೆದುರು.

5.10

ಗಡಿಯಾರದ ಫೋನ್. "ಸಿಕ್ತಾ?"

"ಸಿಕ್ತು."

"ಹೇಗಿದೆ?"

"ಮೊದಲಿಗಿಂತ ಚೆನ್ನಾಗಿದೆ." ಹಾಗ್ಯಾಕೆ ಅಂದೆನೋ.

ಮಗಳ ದನಿ ಕತ್ತರಿಸಿದೆ. ಫ್ಯಾನ್ ತೆಗೆದೆ. ಪಿಚ್ ಏರಿಸಿದೆ. ಕಳಿಸಿದೆ.

5.25

ಮಗಳು ಬಾಗಿಲಲ್ಲಿ ನಿಂತಿದ್ದಾಳೆ. ಕೈಯಲ್ಲಿ ಲೋಟ, ತುಂಬಿ ತುಳುಕುತ್ತಿದೆ.

"ನಿಂಗೆ ಅವತ್ತು ಕೊಡ್ಲೇ ಇಲ್ವಂತೆ ಅಪ್ಪಾ. ತಗೋ, ಕುಡಿ."

ಕಳಿಸಿದ್ದನ್ನು ವಾಪಸ್ ತೆಗೆಯಲು ನೋಡಿದೆ. ಗಡಿಯಾರ ಆಗಲೇ ಕೇಳಿಯಾಗಿದೆ. ಹೊಟ್ಟೆ ಹುಣ್ಣಾಗುವಷ್ಟು ನಕ್ಕರಂತೆ, ಮೆಸೇಜ್ ಬಂದಿದೆ. ಅವಳು ಇನ್ನೂ ನಿಂತಿದ್ದಾಳೆ. ಲೋಟ ಇಸಿದುಕೊಂಡೆ. ಒಂದು ಗುಟುಕು ಬಾಯಿಗೆ ಹಾಕಿಕೊಂಡೆ, ಅದು ಗಂಟಲಲ್ಲಿ ಸಿಕ್… ಸಿಕ್ಕ…